ನನ್ನ ಪ್ರಿಫಿಕ್ಸ್ ಪುಸ್ತಕ, ಅಕ್ಕನ ನಾಲ್ಕು ಸಾಲು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದು ನನ್ನನ್ನು ಹಳಿಯುವುದು ಬೇಡ. ಪಕ್ಕದ ಮನೆಯವರು ಹೊಸ ಸ್ಕೂಟರ್ ತಂದರೆ ನನಗೇನೂ ಆಗುವುದಿಲ್ಲ. ಷಡ್ಡಕ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಹೋಗಿ ಎರಡು ಸಲ ಹೋಳಿಗೆ ಹಾಕಿಸಿಕೊಂಡು ತಿಂದು ಬಂದವನು ನಾನು. ನನಗೆ ಕಿಚ್ಚು ಹತ್ತುವುದು ಒಂದೇ ಒಂದು ವಿಷಯಕ್ಕೆ. ನಾನು ಕಷ್ಟಪಟ್ಟು ಕಲಿತದ್ದನ್ನು ಇನ್ನೊಬ್ಬರು ಕಷ್ಟವಿಲ್ಲದೆ ಮಾಡಿ ತೋರಿಸಿದರೆ ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ.

ತುಮಕೂರಿನ ಸದಾಶಿವನಗರದಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿದೆ, ಅದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಒಟ್ಟು ಆರು ಜನ. ಶಾಲೆ, ಕಲ್ಯಾಣ ಮಂಟಪ, ಕೊಬ್ಬರಿ ಮಂಡಿ, ಮಠದ ಹಾಸ್ಟೆಲ್ಲು, ಲಾಡ್ಜು, ಇಂಥವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುತ್ತೇವೆ. ಕೆಳಗಡೆ ಯಾರದೋ ಹಲ್ಲು ಕೊರೆಯುವ ಸದ್ದು ಬರುತ್ತಿರುತ್ತದೆ, ಮೇಲೆ ನಾವು ಕೀಬೋರ್ಡ್ ಕುಟ್ಟುತ್ತಿರುತ್ತೇವೆ. ನನ್ನ ಮನೆ ಕುಣಿಗಲ್‌ನಲ್ಲಿ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಆಫೀಸು ಶುರುವಾದ ದಿನದಿಂದ ಇರುವವರು ಇಬ್ಬರೇ, ಒಬ್ಬರು ನಮ್ಮ ಯಜಮಾನರು, ಇನ್ನೊಬ್ಬ ನಾನು.

ನನ್ನ ವಿದ್ಯೆ ಏನು ಎಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ. ವೆಬ್‌ಸೈಟಿನ ಅಂದಚಂದಕ್ಕೆಲ್ಲ ಸಿಎಸ್ಎಸ್ ಎಂಬ ಬರವಣಿಗೆ ಕಾರಣ. ಪೆಟ್ಟಿಗೆಯ ಮೂಲೆ ಗುಂಡಗಿರಲಿ, ನಾಲ್ಕು ಫೋಟೋ ಒಂದೇ ಸಾಲಿನಲ್ಲಿ ನಿಲ್ಲಲಿ, ಬಣ್ಣ ಮೇಲಿನಿಂದ ಕೆಳಗೆ ತಿಳಿಯಾಗುತ್ತಾ ಬರಲಿ ಎಂದು ಅದರಲ್ಲಿ ಒಂದೊಂದು ಸಾಲು ಬರೆಯುತ್ತೇವೆ. ಒಂದು ಸಲ ಬರೆದರೆ ಮುಗಿಯಬೇಕಿತ್ತು. ಆದರೆ ಸೈಟು ತೆರೆದು ತೋರಿಸುವ ಬ್ರೌಸರುಗಳು ಹೊಸ ಪದ್ಧತಿಯನ್ನು ಪೂರ್ತಿ ಒಪ್ಪಿಕೊಳ್ಳುವ ಮೊದಲು ಅದರ ಮುಂದೆ ತಮ್ಮದೇ ಹೆಸರು ಸೇರಿಸಿ ಹೇಳಿದರೆ ಮಾತ್ರ ಕೇಳುತ್ತಿದ್ದವು. ಒಂದಕ್ಕೆ ವೆಬ್‌ಕಿಟ್ ಎಂದು, ಇನ್ನೊಂದಕ್ಕೆ ಮೊಝ್ ಎಂದು, ಮತ್ತೊಂದಕ್ಕೆ ಎಂಎಸ್ ಎಂದು, ಇನ್ನೂ ಒಂದಕ್ಕೆ ಓ ಎಂದು, ಜೊತೆಗೆ ಹೆಸರಿಲ್ಲದ ಮೂಲ ಸಾಲು. ಹೀಗೆ ಮುಂದೆ ಅಂಟಿಸುವ ಹೆಸರಿಗೆ ನಮ್ಮ ಕಸುಬಿನಲ್ಲಿ ಪ್ರಿಫಿಕ್ಸ್ ಎನ್ನುತ್ತಾರೆ. ಮದುವೆಗೆ ಎಲ್ಲರಿಗೂ ಒಂದೇ ಕರೆಯೋಲೆ ಅಚ್ಚು ಹಾಕಿಸಿದರೂ, ದೊಡ್ಡಪ್ಪನ ಮನೆಗೆ ಬೇರೆಯಾಗಿ ಹೋಗಿ, ಕುಂಕುಮ ಇಟ್ಟು ಕರೆಯದಿದ್ದರೆ ಅವರು ಬರುವುದಿಲ್ಲವಲ್ಲ, ಅದೇ ಕಥೆ. ಒಂದು ಸಾಲಿನ ಮಾತನ್ನು ಐದು ಸಲ ಐದು ರೀತಿ ಬರೆಯಬೇಕು. ಒಂದನ್ನು ಮರೆತರೆ ಆ ಬ್ರೌಸರಿನಲ್ಲಿ ಸೈಟು ಮುಖ ಗಂಟಿಕ್ಕಿಕೊಂಡು ಕೂರುತ್ತದೆ.

ಯಾವ ಬ್ರೌಸರಿಗೆ ಯಾವಾಗಿನಿಂದ ಯಾವ ಪ್ರಿಫಿಕ್ಸ್ ಬೇಕು, ಯಾವಾಗ ಬೇಡವಾಯಿತು ಎನ್ನುವುದೆಲ್ಲ ನನಗೆ ಬಾಯಿಪಾಠ. ಬಾಯಿಪಾಠಕ್ಕೂ ಮಿಗಿಲಾಗಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಅಂಗಡಿಯವರು ಉದ್ರಿ ಬರೆಯುತ್ತಾರಲ್ಲ, ಆ ಥರದ ಕೆಂಪು ರಟ್ಟಿನದು. ಎಡಗಡೆ ನಿಯಮ, ಬಲಗಡೆ ಅದರ ಐದೂ ರೂಪ, ಕೆಳಗೆ ನನ್ನ ಟಿಪ್ಪಣಿ. ವರ್ಷಗಟ್ಟಲೆ ಬರೆದದ್ದು. ಆಫೀಸಿನಲ್ಲಿ ಯಾರ ಸೈಟು ಎಲ್ಲಿ ಕೆಟ್ಟರೂ ಮೊದಲು ಬರುತ್ತಿದ್ದ ಮಾತು, ‘ಅಣ್ಣ, ಒಂದ್ಸಲ ನೋಡಿ.’ ನಾನು ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಸರಿ ಮಾಡಿಕೊಂಡು, ಒಂದು ಸಾಲು ಸೇರಿಸುತ್ತಿದ್ದೆ. ಸೈಟು ಸರಿಹೋಗುತ್ತಿತ್ತು. ‘ಹೆಂಗ್ ಗೊತ್ತಾಯ್ತಣ್ಣ?’ ಎಂದು ಕೇಳುತ್ತಿದ್ದರು. ನಾನು ಏನೂ ಹೇಳದೆ ಎದ್ದು ಹೋಗುತ್ತಿದ್ದೆ. ಆ ಎದ್ದು ಹೋಗುವುದರಲ್ಲಿ ಎಂಥ ಸುಖವಿತ್ತು!

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಸೈಟು ತಯಾರಾದ ಮೇಲೆ ಅದನ್ನು ಆಫೀಸಿನಲ್ಲಿ ಕೂತು ತೆರೆಯುವುದಿಲ್ಲ. ಗಿರಾಕಿಯ ಜಾಗಕ್ಕೇ ಹೋಗಿ, ಅವರು ದಿನಾ ಬಳಸುವ ಯಂತ್ರದಲ್ಲೇ, ಪೂಜೆ ಮಾಡಿಸಿ ತೆರೆಯುತ್ತೇವೆ. ಮಾನಿಟರಿಗೆ ವಿಭೂತಿ, ಹೂವು, ಬಾಗಿಲಲ್ಲಿ ಒಂದು ಕಾಯಿ. ಗಿರಾಕಿ ಮುಂದೆ ಕೂತು ಒತ್ತುತ್ತಾರೆ, ಪಕ್ಕದ ಕುರ್ಚಿಯಲ್ಲಿ ಸೈಟು ಮಾಡಿದವರು ಕೂರುತ್ತಾರೆ. ಆರಂಭದ ದಿನಗಳಲ್ಲಿ ಆ ಕುರ್ಚಿಯಲ್ಲಿ ಯಜಮಾನರೇ ಕೂರುತ್ತಿದ್ದರು. ಗುಬ್ಬಿಯ ಒಂದು ಕೊಬ್ಬರಿ ಮಂಡಿಯಲ್ಲಿ ಕಾಯಿ ಒಡೆದು ಸೈಟು ತೆಗೆದರೆ ಬರೀ ಅಕ್ಷರಗಳು ಒಂದರ ಮೇಲೊಂದು ಬಿದ್ದುಕೊಂಡು ಕಾಣಿಸಿದವು. ಯಜಮಾನರು ಬೆವೆತುಹೋದರು. ನಾನು ಹಿಂದೆ ನಿಂತಿದ್ದವನು ಮುಂದೆ ಬಂದು ಅಲ್ಲೇ ಸರಿಮಾಡಿದೆ. ಅವತ್ತಿನಿಂದ ಪಕ್ಕದ ಕುರ್ಚಿ ನನ್ನದಾಯಿತು.

ಹೀಗಿರುವಾಗ ಅಕ್ಕ ಬಂದರು.

ಅಕ್ಕ ಎಂದರೆ ಸಂಬಂಧವಲ್ಲ. ಗುಬ್ಬಿ ಹತ್ತಿರದ ಕಡಬದವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಮನೆಯಲ್ಲೇ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳಿಕೊಂಡಿದ್ದವರು, ತಮ್ಮ ಮಗಳು ಕಾಲೇಜಿಗೆ ಸೇರಿದ ಮೇಲೆ ಬಿಡುವಾಯಿತೆಂದು ಫೋನಿನಲ್ಲಿ ವಿಡಿಯೋ ನೋಡಿಕೊಂಡು ಈ ಕೆಲಸ ಕಲಿತರಂತೆ. ಎಷ್ಟು ದಿನ ಕಲಿತಿರಿ ಎಂದು ಕೇಳಿದರೆ, ‘ಒಂದು ವರ್ಷ ಆಯ್ತೇನೋ ಸರ್, ಮಧ್ಯದಲ್ಲಿ ಮಗಳ ಪರೀಕ್ಷೆ ಬಂತು, ಆವಾಗ ಬಿಟ್ಟಿದ್ದೆ’ ಎಂದರು. ನಾನು ಹದಿನಾರು ವರ್ಷ ಕಲಿತದ್ದು! ವಯಸ್ಸಿನಲ್ಲಿ ಚಿಕ್ಕವರು ಯಾರಾದರೂ ಬಂದು ನನ್ನನ್ನು ಹಿಂದೆ ಹಾಕಿದ್ದರೆ, ಈಗಿನ ಹುಡುಗರ ತಲೆಯೇ ಹಾಗೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇವರ ವಿಷಯದಲ್ಲಿ ಆ ಸಮಾಧಾನಕ್ಕೂ ದಾರಿಯಿರಲಿಲ್ಲ. ಅವರು ನನ್ನನ್ನು ಸರ್ ಎನ್ನುತ್ತಿದ್ದರು. ಅದು ಮರ್ಯಾದೆಗೇ ಹೇಳುತ್ತಿದ್ದದ್ದು, ಈಗ ಗೊತ್ತು. ಆಗ ನನಗೆ ಅದರಲ್ಲೂ ಕುಹಕ ಕೇಳಿಸುತ್ತಿತ್ತು.

ಸೇರಿದ ಎರಡನೇ ವಾರ ಅಕ್ಕ ನನ್ನ ಮೇಜಿನ ಹತ್ತಿರ ಬಂದರು. ನಾನು ಒಂದು ಕಲ್ಯಾಣ ಮಂಟಪದ ಸೈಟಿಗೆ ಪ್ರಿಫಿಕ್ಸ್ ಬರೆಯುತ್ತಿದ್ದೆ. ಕೆಂಪು ಪುಸ್ತಕ ತೆರೆದಿತ್ತು.

‘ಸರ್, ಇಷ್ಟನ್ನೂ ಕೈಯಲ್ಲಿ ಬರೀತೀರಾ?’

‘ಬೇರೆ ಇನ್ಯಾವುದ್ರಲ್ಲಿ ಬರೀಬೇಕು?’ ಎಂದೆ.

ಅವರು ನಕ್ಕರು. ನನ್ನ ಮಾತನ್ನು ತಮಾಷೆ ಎಂದುಕೊಂಡಿರಬೇಕು. ‘ಅದಕ್ಕೊಂದು ಟೂಲ್ ಐತಲ್ಲ ಸರ್. ನಾವು ಪ್ರಿಫಿಕ್ಸ್ ಇಲ್ದಂಗೆ ಒಂದೇ ಸಾಲು ಬರ್ದು ಬುಟ್ರೆ ಸಾಕು, ಯಾರ್‍ಯಾರಿಗೆ ಏನೇನ್ ಬೇಕೋ ಅದೇ ಹಾಕ್ಕೊಡ್ತದೆ.’

ಅಂಥದ್ದೊಂದು ಇದೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಚೆನ್ನಾಗಿ ಗೊತ್ತಿತ್ತು. ಬಹಳ ವರ್ಷದಿಂದ ಗೊತ್ತಿತ್ತು. ಆಫೀಸಿನಲ್ಲಿ ಅದರ ಮಾತು ಎತ್ತಿರಲಿಲ್ಲ, ಅಷ್ಟೆ. ಎತ್ತಿದರೆ ನನ್ನ ಪುಸ್ತಕವನ್ನು ಯಾರು ಕೇಳುತ್ತಿದ್ದರು?

ಯಜಮಾನರ ಕಿವಿ ಇಂಥ ಮಾತಿಗೆ ಬಲು ಚುರುಕು. ತಮ್ಮ ಕೋಣೆಯಿಂದಲೇ ‘ಏನದು, ಏನದು’ ಎನ್ನುತ್ತಾ ಬಂದರು. ಅಕ್ಕ ಕೂತು ತೋರಿಸಿದರು. ಟೂಲ್ ಹಾಕಿಕೊಂಡರು, ಒಂದು ಫೈಲು ತೆರೆದು ನಾಲ್ಕು ಸಾಲು ಬರೆದರು, ಇನ್ನೊಂದು ಸಣ್ಣ ಪಟ್ಟಿಯಲ್ಲಿ ಯಾವ ಯಾವ ಬ್ರೌಸರಿನಲ್ಲಿ, ಎಷ್ಟು ಹಳೆಯದರವರೆಗೆ ಸೈಟು ನಡೆಯಬೇಕು ಎಂದು ನಮೂದಿಸಿದರು. ಎಂಟರ್ ಒತ್ತಿದರು. ನಾನು ಒಂದು ಮಧ್ಯಾಹ್ನ ಪೂರ್ತಿ ಕೂತು ಬರೆಯುವಷ್ಟು ಸಾಲುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲಾಗಿ ಬಂದು ನಿಂತವು. ನಾನು ತಪ್ಪು ಹುಡುಕಿದೆ. ಒಂದೊಂದಾಗಿ ನನ್ನ ಪುಸ್ತಕದ ಜೊತೆ ತಾಳೆ ನೋಡಿದೆ. ಒಂದು ತಪ್ಪೂ ಇರಲಿಲ್ಲ. ನನ್ನ ಪುಸ್ತಕದಲ್ಲೇ ಒಂದು ತಪ್ಪು ಸಿಕ್ಕಿತು. ಅದನ್ನು ಯಾರಿಗೂ ಹೇಳಲಿಲ್ಲ.

‘ಇಷ್ಟೇನಾ?’ ಎಂದರು ಯಜಮಾನರು.

ಅವರು ಸಂತೋಷದಿಂದಲೇ ಕೇಳಿದ್ದು. ಅವರ ಮಾತು ನನ್ನ ಕಡೆಗೆ ಇರಲೂ ಇಲ್ಲ. ಆದರೂ ‘ಇಷ್ಟೇನಾ’ ಎಂಬ ಆ ಒಂದು ಮಾತು ಅವತ್ತು ಬಸ್ಸಿನಲ್ಲಿ ಕುಣಿಗಲ್‌ವರೆಗೂ ನನ್ನ ಕಿವಿಯಲ್ಲಿ ಕೂತಿತ್ತು. ಮನೆಗೆ ಹೋದರೆ ಹೆಂಡತಿ, ‘ಯಾಕ್ರೀ ಮುಖ ಊದ್ಕಂಡಿದೆ?’ ಎಂದಳು. ಹಲ್ಲು ನೋವು ಎಂದೆ. ಕ್ಲಿನಿಕ್ಕಿನ ಮೇಲೇ ಕೆಲಸ ಮಾಡುತ್ತಾ ಹಲ್ಲು ನೋವು ತಂದುಕೊಂಡಿದ್ದೀರಲ್ಲ ಎಂದು ನಕ್ಕು ಲವಂಗ ಕೊಟ್ಟಳು.

ಆಮೇಲೆ ನಾನು ಮಾಡಿದ್ದು ಹುಚ್ಚು ಕೆಲಸ. ಆಫೀಸಿನ ಎಲ್ಲ ಸೈಟಿಗೂ ಆ ಟೂಲ್ ಬಂದಿದ್ದರೂ, ನನ್ನ ಭಾಗಕ್ಕೆ ಬಂದ ಸೈಟುಗಳಲ್ಲಿ ಯಾರಿಗೂ ಹೇಳದೆ ಪ್ರಿಫಿಕ್ಸನ್ನು ಕೈಯಲ್ಲೇ ಬರೆಯುತ್ತಿದ್ದೆ. ಎಲ್ಲರೂ ಊಟಕ್ಕೆ ಎದ್ದಾಗ ಪುಸ್ತಕ ತೆಗೆಯುತ್ತಿದ್ದೆ. ನನ್ನ ಸಾಲುಗಳು ಒಳಗೆ ಇರುತ್ತವೆ ಎನ್ನುವುದೇ ಒಂದು ತೃಪ್ತಿ. ಹತ್ತು ದಿನವಾದ ಮೇಲೆ ಕೊನೆಯಲ್ಲಿ ತಯಾರಾಗಿ ಬಂದ ಫೈಲನ್ನು ತೆರೆದು ನೋಡಿದರೆ, ಗುಂಡು ಮೂಲೆಗೆ ನಾನು ಬರೆದಿದ್ದ ವೆಬ್‌ಕಿಟ್ ಇಲ್ಲ, ಮೊಝ್ ಇಲ್ಲ. ಹೆಸರಿಲ್ಲದ ಒಂದೇ ಬೋಳು ಸಾಲು ಉಳಿದಿತ್ತು.

ತಡೆಯಲಾರದೆ ಅಕ್ಕನನ್ನೇ ಕೇಳಿದೆ. ಅವರು ಬುತ್ತಿಯ ಡಬ್ಬಿ ಮುಚ್ಚುತ್ತಿದ್ದರು. ‘ಓ, ಅದಾ ಸರ್? ಈ ಟೂಲ್ ಬರೀ ಸೇರ್ಸೋದಲ್ಲ. ಈಗ ಯಾರಿಗೂ ಬೇಡದ ಹಳೇ ಪ್ರಿಫಿಕ್ಸ್ ಇದ್ರೆ ತೆಗ್ದೂ ಹಾಕ್ತದೆ. ಯಾರೋ ಅದ್ರಲ್ಲಿ ಸುಮ್ನೆ ಕೈಯಲ್ಲಿ ಬರ್ದವ್ರೆ ಪಾಪ. ನಾನೂ ನೋಡ್ದೆ.’

ಆ ‘ಪಾಪ’ ಇದೆಯಲ್ಲ, ಅದಕ್ಕೆ ನನ್ನ ಮೈಯೆಲ್ಲ ಉರಿಯಿತು. ಬರೆದವನು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಮಾತು ಆಡುವ ಹೆಂಗಸಲ್ಲ ಅವರು. ಆದರೆ ನನ್ನ ಹದಿನಾರು ವರ್ಷವನ್ನು ಒಂದು ಯಂತ್ರ ಬೆಳಗಿನ ಕಸದ ಹಾಗೆ ಗುಡಿಸಿ ಹಾಕಿತ್ತು, ಆ ಪೊರಕೆಯನ್ನು ತಂದವರು ಇವರು.

ಆಫೀಸು ನಿಧಾನವಾಗಿ ಅಕ್ಕನ ಕಡೆಗೆ ವಾಲಿತು. ‘ಅಣ್ಣ, ಒಂದ್ಸಲ ನೋಡಿ’ ಎನ್ನುವುದು ಕಡಿಮೆಯಾಯಿತು. ಅಕ್ಕ ಮಾತ್ರ ನನ್ನನ್ನು ಕೇಳುವುದು ಬಿಡಲಿಲ್ಲ. ದಿನಕ್ಕೆ ಎರಡು ಸಲವಾದರೂ ಸಣ್ಣ ಪ್ಯಾಡು, ಪೆನ್ನು ಹಿಡಿದುಕೊಂಡು ಬರುತ್ತಿದ್ದರು. ‘ಸರ್, ಈ ಬ್ರೌಸರ್ ಯಾಕೆ ಹಿಂಗೆ ಮಾಡ್ತದೆ? ಸರ್, ಇದು ಮೊದ್ಲಿಂದ ಹಿಂಗೇನಾ?’ ನಾನು ಹೇಳಿದ್ದನ್ನು ಪ್ಯಾಡಿನಲ್ಲಿ ಬರೆದುಕೊಳ್ಳುತ್ತಿದ್ದರು, ಟ್ಯೂಷನ್ನಿನ ಮಕ್ಕಳು ಬರೆದುಕೊಳ್ಳುವ ಹಾಗೆ. ನಾನು ಅರ್ಧ ಹೇಳಿ ಅರ್ಧ ನುಂಗುತ್ತಿದ್ದೆ.

ಆಗ ಕುಣಿಗಲ್‌ನ ಶಾಲೆಯ ಕೆಲಸ ಬಂತು. ನಾನು ಓದಿದ ಹೈಸ್ಕೂಲು. ನನಗೆ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ನಿವೃತ್ತಿಯಾದ ಮೇಲೆ ಈಗ ಅದೇ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿ. ಶಾಲೆಯ ಸೈಟು ನಮ್ಮ ಆಫೀಸಿಗೆ ಬಂದದ್ದೇ ನನ್ನಿಂದ. ಆದ್ದರಿಂದ ಅವತ್ತಿನ ಪಕ್ಕದ ಕುರ್ಚಿಯ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಊರಲ್ಲಿ ಹಾಲಿನವನಿಂದ ಹಿಡಿದು ಮಾವನವರವರೆಗೆ ಎಲ್ಲರಿಗೂ, ಶಾಲೆಯ ಸೈಟು ನಾನು ಮಾಡ್ತಾ ಇದೀನಿ, ಪೂಜೆ ದಿನ ಬನ್ನಿ ಎಂದು ಹೇಳಿಬಿಟ್ಟಿದ್ದೆ.

ಸೋಮವಾರದ ಮೀಟಿಂಗಿನಲ್ಲಿ ಯಜಮಾನರು ಹೇಳಿದರು. ‘ಕುಣಿಗಲ್ ಸ್ಕೂಲ್ ಡಿಸೈನ್ ಎಲ್ಲಾ ಅಕ್ಕನೇ ಮಾಡ್ಲಿ. ಓಪನಿಂಗ್‌ಗೂ ಅವ್ರೇ ಕೂತ್ಕಳ್ಲಿ. ಅವ್ರು ಬಂದು ಆರು ತಿಂಗಳಾಯ್ತು, ಒಂದ್ಸಲನೂ ಕಳ್ಸಿಲ್ಲ. ನೀನು ಹೆಂಗೂ ಅಲ್ಲಿನವ್ನೇ ಅಲ್ವೇನಪ್ಪಾ, ಜೊತೇಲಿರು.’

ಜೊತೆಯಲ್ಲಿರು! ನನ್ನ ಊರಲ್ಲಿ, ನನ್ನ ಶಾಲೆಯಲ್ಲಿ, ನನ್ನ ಮೇಷ್ಟ್ರ ಮುಂದೆ. ನಾನು ‘ಆಗ್ಲಿ ಸಾರ್’ ಎಂದು ಹಲ್ಲು ಕಿರಿದೆ. ಒಳಗೆ ಏನು ನಡೆಯುತ್ತಿತ್ತು ಎಂದು ಬರೆದರೆ ಈ ಕಾಗದ ಸುಟ್ಟುಹೋಗುತ್ತದೆ.

ಎರಡು ದಿನ ಬಿಟ್ಟು ಅಕ್ಕ ಪ್ಯಾಡು ಹಿಡಿದು ಬಂದರು. ಸೈಟು ಯಾವ ಯಾವ ಬ್ರೌಸರಿನಲ್ಲಿ ನಡೆಯಬೇಕೆಂಬ ಪಟ್ಟಿ ಬರೆಯುವುದಕ್ಕೆ. ಟೂಲ್ ಎಷ್ಟೇ ಜಾಣವಾದರೂ ಯಾರನ್ನು ಕರೆಯಬೇಕು ಎಂದು ನಾವೇ ಹೇಳಬೇಕು. ಪಟ್ಟಿಯಲ್ಲಿಲ್ಲದವರಿಗೆ ಅದು ಕರೆಯೋಲೆ ಕಳಿಸುವುದಿಲ್ಲ.

‘ಸರ್, ಕಾರ್ಯದರ್ಶಿ ಮೇಷ್ಟ್ರು ಯಾವುದ್ರಲ್ಲಿ ನೋಡ್ತಾರೆ? ನಿಮ್ಮೂರೋರು ಅಲ್ವಾ, ನಿಮಗೆ ಗೊತ್ತಿರ್ತದೆ. ಹಳೇದೇನಾದ್ರೂ ಇದ್ರೆ ಪಟ್ಟಿಗೆ ಹಾಕ್ಕತೀನಿ.’

ನನಗೆ ಗೊತ್ತಿತ್ತು. ನನಗಿಂತ ಚೆನ್ನಾಗಿ ಗೊತ್ತಿರುವವರು ಇರಲಿಲ್ಲ. ಮೇಷ್ಟ್ರು ನಿವೃತ್ತಿಯಾದಾಗ ನಾವು ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಟ್ಯಾಬ್ ಕೊಡಿಸಿದ್ದೆವು. ಆರಿಸಿದವನು ನಾನು, ಬೆಂಗಳೂರಿನಿಂದ ತಂದವನು ನಾನು, ಶಾಲು ಹೊದಿಸಿ ಅವರ ಕೈಗೆ ಇಟ್ಟವನೂ ನಾನು. ಅದೀಗ ಮುದಿಯಾಗಿತ್ತು. ಹೊಸ ಬ್ರೌಸರ್ ಅದಕ್ಕೆ ಹಾಕಲು ಬರುವುದಿಲ್ಲ. ಮೇಷ್ಟ್ರ ಮಗ ಹೊಸದು ತಂದುಕೊಟ್ಟರೂ ಅವರು, ನನ್ನ ಹುಡುಗರು ಕೊಟ್ಟಿದ್ದು ಇರುವಾಗ ಬೇರೆ ಯಾಕೆ ಎಂದು ಅದನ್ನೇ ಇಟ್ಟುಕೊಂಡಿದ್ದರು. ಶಾಲೆಯ ಪತ್ರವ್ಯವಹಾರ ಎಲ್ಲ ಅದರಲ್ಲೇ. ಪ್ರಿಫಿಕ್ಸ್ ಇಲ್ಲದ ಸೈಟು ಅದರಲ್ಲಿ ನಿಲ್ಲುವುದೇ ಇಲ್ಲ.

ಅಕ್ಕ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು.

‘ಹೊಸ ಕಂಪ್ಯೂಟರ್ ಬಂದಿದೆ ಅಕ್ಕ. ಏನೂ ತೊಂದ್ರೆ ಇಲ್ಲ’ ಎಂದೆ.

ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಶಾಲೆಯ ಲ್ಯಾಬಿನಲ್ಲಿ ಹೊಸ ಕಂಪ್ಯೂಟರ್ ಬಂದಿದ್ದವು. ಅಕ್ಕ ಪ್ಯಾಡಿನಲ್ಲಿ ‘ಹೊಸದು’ ಎಂದು ಬರೆದುಕೊಂಡು, ‘ಥ್ಯಾಂಕ್ಸ್ ಸರ್’ ಎಂದು ಹೋದರು.

ಅವತ್ತಿನಿಂದ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡಿದೆ. ಅಕ್ಕ ಬರೆದಿದ್ದ ಸಿಎಸ್ಎಸ್ ಅನ್ನು ನಕಲು ಮಾಡಿಕೊಂಡು, ಆ ಹಳೆಯ ಟ್ಯಾಬಿಗೆ ಬೇಕಾದ ಪ್ರಿಫಿಕ್ಸ್ ಎಲ್ಲವನ್ನೂ ಪುಸ್ತಕ ನೋಡಿ ಕೈಯಲ್ಲಿ ಸೇರಿಸಿದೆ. ಹೆಬ್ಬೂರು ದಾಟುವಾಗ ಒಂದೊಂದು ಸಾಲೂ ಕುಣಿಯುತ್ತಿತ್ತು, ಪಕ್ಕದಲ್ಲಿ ಕೂತವರು ಬಗ್ಗಿ ನೋಡುತ್ತಿದ್ದರು. ನನ್ನ ಲೆಕ್ಕ ಇಷ್ಟೇ: ಪೂಜೆಯ ದಿನ ಅಕ್ಕನ ಸೈಟು ಕೆಡಬೇಕು, ಗುಬ್ಬಿಯ ಮಂಡಿಯಲ್ಲಿ ಆದ ಹಾಗೆಯೇ ನಾನು ಮುಂದೆ ಬರಬೇಕು. ಇಷ್ಟು ಶ್ರದ್ಧೆಯಿಂದ ನಾನು ಯಾವ ಸೈಟಿಗೂ ಕೆಲಸ ಮಾಡಿರಲಿಲ್ಲ.

ಮೂರು ವಾರ ಕಳೆದು ಒಂದು ಶುಕ್ರವಾರ ಬೆಳಿಗ್ಗೆ ಶಾಲೆಯ ಆಫೀಸ್ ಕೋಣೆಯಲ್ಲಿ ಪೂಜೆ. ಟ್ಯಾಬನ್ನು ನೀರು ತುಂಬಿದ ಹಿತ್ತಾಳೆ ಚೊಂಬಿಗೆ ಒರಗಿಸಿ ನಿಲ್ಲಿಸಿದ್ದರು. ಕವರಿನ ಮೇಲೆ ಮೂರು ಬೆರಳಿನ ವಿಭೂತಿ, ಮೇಲೊಂದು ಕನಕಾಂಬರದ ದಂಡೆ. ಮೇಷ್ಟ್ರು ಪಂಚೆ ಉಟ್ಟು ತಾವೇ ಮಂಗಳಾರತಿ ಮಾಡಿದರು. ಬಾಗಿಲಲ್ಲಿ ಕಾಯಿ ಒಡೆಯಿತು. ಅಕ್ಕ ಹಸಿರು ರೇಷ್ಮೆ ಸೀರೆ ಉಟ್ಟು ಬಂದಿದ್ದರು, ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಟ್ಯಾಬ್ ನೋಡಿದ ಕೂಡಲೇ ಅವರ ಮುಖದಲ್ಲಿ ಏನೋ ಅನುಮಾನ ಬಂತು, ತಿರುಗಿ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಸಂಸ್ಥಾಪಕರ ಫೋಟೋ ನೋಡುತ್ತಿದ್ದೆ.

ಮೇಷ್ಟ್ರು ಬೆರಳಿನಿಂದ ಒತ್ತಿದರು. ಒಂದೇ ಸಾಲಿನಲ್ಲಿ ನಿಲ್ಲಬೇಕಿದ್ದ ನಾಲ್ಕು ಫೋಟೋಗಳು ಒಂದರ ಕೆಳಗೊಂದು ಬಿದ್ದುಕೊಂಡವು. ಮೆನುವಿನ ಅಕ್ಷರಗಳು ಇಳಿದು ಬಂದು ಫೋಟೋದಲ್ಲಿದ್ದ ಹೆಡ್‌ಮಾಸ್ಟರ ಮುಖದ ಮೇಲೆ ಕೂತವು. ಹಿಂದೆ ನಿಂತಿದ್ದ ಒಬ್ಬ ಟೀಚರ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನನ್ನ ಮಾವನವರು ಗಟ್ಟಿಯಾಗಿಯೇ ‘ಇದೇನ್ ಹಿಂಗೈತೆ?’ ಎಂದರು.

ಯಜಮಾನರು ಅಕ್ಕನ ಕಡೆ ನೋಡಿದರು. ಅಕ್ಕ ಬಗ್ಗಿ ಟ್ಯಾಬ್ ನೋಡುತ್ತಾ, ‘ಪಟ್ಟೀಲಿ ಇದು ಇಲ್ಲ ಸರ್’ ಎಂದು ಮೆಲ್ಲಗೆ ಹೇಳಿದರು. ಅವರ ಕುತ್ತಿಗೆಯೆಲ್ಲ ಕೆಂಪಾಗಿತ್ತು. ನಿಜ ಹೇಳಲೇ? ನನಗೆ ಖುಷಿಯಾಯಿತು. ಪಾಪ ಎನ್ನಿಸಲೇ ಇಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ಇರಲಿ ಎಂದು, ಲೋಟದಲ್ಲಿದ್ದ ನೀರನ್ನು ಪೂರ್ತಿ ಕುಡಿದು ಆಮೇಲೆ ‘ನಾನ್ ನೋಡ್ಲಾ?’ ಎಂದೆ.

ಲ್ಯಾಪ್‌ಟಾಪ್ ತೆಗೆದೆ. ಫೋನಿನಿಂದ ನೆಟ್ ಕೊಟ್ಟೆ. ಅಕ್ಕನ ಫೈಲಿನ ಜಾಗದಲ್ಲಿ ನನ್ನದನ್ನು ಹಾಕಿದೆ. ‘ಇನ್ನೊಂದ್ಸಲ ತೆಗೀರಿ ಸಾರ್’ ಎಂದೆ. ಮೇಷ್ಟ್ರು ತೆಗೆದರು. ಫೋಟೋಗಳು ಒಂದೇ ಸಾಲಿಗೆ ಬಂದು ನಿಂತವು, ಹೆಡ್‌ಮಾಸ್ಟರ ಮುಖ ಬಿಡುಗಡೆಯಾಯಿತು. ಕೋಣೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಯಜಮಾನರು ಬೆನ್ನು ತಟ್ಟಿ, ‘ಇದಕ್ಕೇ ಕಣಪ್ಪ ನೀನು ಬೇಕು ಅನ್ನೋದು’ ಎಂದರು. ಆರು ತಿಂಗಳಿಂದ ನಾನು ಕಾಯುತ್ತಿದ್ದ ಮಾತು ಅದು. ಅಕ್ಕ ಎದ್ದು ನಿಂತು ಕುರ್ಚಿ ನನ್ನ ಕಡೆ ಸರಿಸಿದರು. ‘ಕೂತ್ಕಳಿ ಸರ್’ ಎಂದರು. ನಾನು ಕೂತೆ.

‘ಏನ್ಲಾ, ಐದು ನಿಮಿಷನೂ ಆಗ್ಲಿಲ್ಲ, ಹೆಂಗೋ ಮಾಡ್ದೆ?’ ಎಂದರು ಮೇಷ್ಟ್ರು.

ಅಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮೊದಲೆಲ್ಲ ಏನೂ ಹೇಳದೆ ಎದ್ದು ಹೋಗುತ್ತಿದ್ದೆನಲ್ಲ, ಆ ಜಾಣತನ ಅವತ್ತು ಎಲ್ಲಿ ಹೋಗಿತ್ತೋ. ಮಾವನವರು ನೋಡುತ್ತಿದ್ದರು, ನನ್ನ ಶಾಲೆ ನೋಡುತ್ತಿತ್ತು.

‘ಈಗ ಮಾಡಿದ್ದಲ್ಲ ಸಾರ್, ಮೊದ್ಲೇ ಮಾಡಿಟ್ಕಂಡಿದ್ದೆ. ನಿಮ್ಮ ಟ್ಯಾಬ್ ಹಳೇದಲ್ವಾ, ಇದಕ್ಕೆ ಅಂತಾನೇ ಒಂದೊಂದು ಸಾಲೂ ಕೈಯಲ್ಲೇ ಬರ್ದಿದೀನಿ’ ಎಂದೆ.

ಮೇಷ್ಟ್ರ ಮುಖ ಅರಳಿತು. ಎಲ್ಲರ ಕಡೆ ತಿರುಗಿ, ‘ನೋಡಿ, ಈ ಟ್ಯಾಬ್ ಬೆಂಗಳೂರಿಂದ ಆರಿಸಿ ತಂದ್ಕೊಟ್ಟೋನೂ ಇವ್ನೇ. ಎಷ್ಟು ವರ್ಷ ಆಯ್ತು, ಮರ್ತಿಲ್ಲ ಕಣ್ರಯ್ಯಾ ನನ್ನ ಶಿಷ್ಯ’ ಎಂದರು. ಮತ್ತೆ ಚಪ್ಪಾಳೆ. ಯಾರಿಗೂ ಏನೂ ಹೊಳೆಯಲಿಲ್ಲ. ಯಜಮಾನರಿಗೂ ಹೊಳೆಯಲಿಲ್ಲ. ಎಲ್ಲರೂ ಪ್ರಸಾದಕ್ಕೆ ಎದ್ದರು.

ಅಕ್ಕ ಮಾತ್ರ ಅಲ್ಲೇ ನಿಂತಿದ್ದರು. ಲೆಕ್ಕದ ಟೀಚರ್ ಅಲ್ಲವೇ, ಅವರಿಗೆ ಕೂಡಿಸುವುದಕ್ಕೆ ಎಷ್ಟು ಹೊತ್ತು ಬೇಕು.

‘ಹಂಗಾದ್ರೆ ಅವತ್ತೇ ಗೊತ್ತಿತ್ತಾ ಸರ್?’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಪ್ಯಾಡು ಹಿಡಿದು ಬಂದಾಗ ಕೇಳುತ್ತಿದ್ದರಲ್ಲ, ಅದೇ ದನಿ.

ನಾನು ‘ಪ್ರಸಾದ ತಗಳಿ ಅಕ್ಕ’ ಎಂದೆ.

ಅವರು ಯಜಮಾನರಿಗೆ ಹೇಳುತ್ತಾರೆ ಎಂದು ಒಂದು ವಾರ ಹೆದರಿಕೊಂಡಿದ್ದೆ. ಹೇಳಲಿಲ್ಲ. ಶಾಲೆಯ ಪಟ್ಟಿಗೆ ಮೇಷ್ಟ್ರ ಟ್ಯಾಬನ್ನೂ ಸೇರಿಸಿ, ಟೂಲಿನಿಂದ ಹೊಸದಾಗಿ ತೆಗೆದು, ನಾನು ಬಸ್ಸಿನಲ್ಲಿ ಬರೆದ ಫೈಲಿನ ಜಾಗದಲ್ಲಿ ಅದನ್ನು ಹಾಕಿದರು. ಸೈಟು ಆ ಟ್ಯಾಬಿನಲ್ಲಿ ನನ್ನದರ ಹಾಗೆಯೇ ಚೆನ್ನಾಗಿ ನಿಂತಿತು. ಅವರು ನನ್ನ ಜೊತೆ ಮಾತು ಬಿಡಲೂ ಇಲ್ಲ. ಬೆಳಿಗ್ಗೆ ಬಂದರೆ ‘ತಿಂಡಿ ಆಯ್ತಾ ಸರ್’ ಎನ್ನುತ್ತಿದ್ದರು, ಕಡಬದಿಂದ ಎಳನೀರು ತಂದರೆ ನನಗೂ ಒಂದು ಇಡುತ್ತಿದ್ದರು. ಒಂದು ಮಾತ್ರ ನಿಂತುಹೋಯಿತು. ಪ್ಯಾಡು ಹಿಡಿದುಕೊಂಡು ನನ್ನ ಮೇಜಿಗೆ ಬರುವುದು. ಮೊದಮೊದಲು ನನಗೆ ಗೊತ್ತಾಗಲಿಲ್ಲ. ಆಮೇಲೆ, ಅವರು ಎದ್ದಾಗಲೆಲ್ಲ ನನ್ನ ಕಡೆಗೇ ಬರುತ್ತಿದ್ದಾರೇನೋ ಎಂದು ತಲೆ ಎತ್ತಿ ನೋಡತೊಡಗಿದೆ. ಅವರು ನೀರು ತುಂಬಿಸಿಕೊಳ್ಳಲು ಹೋಗುತ್ತಿದ್ದರು.

ಮುಂದಿನ ಕೆಲಸ ಯಡಿಯೂರಿನ ಒಂದು ಲಾಡ್ಜಿನದು, ದೇವಸ್ಥಾನಕ್ಕೆ ಬರುವವರಿಗೆ ಕೋಣೆ ಕಾದಿರಿಸುವ ಸೈಟು. ಡಿಸೈನು ಅಕ್ಕನದೇ. ಓಪನಿಂಗಿಗೆ ಮಾತ್ರ, ಕುಣಿಗಲ್‌ನಲ್ಲಿ ಆದದ್ದನ್ನು ನೆನೆಸಿ, ಯಜಮಾನರು ನನ್ನನ್ನೇ ಕೂರಲು ಹೇಳಿದರು. ನನ್ನ ಕುರ್ಚಿ ನನಗೆ ವಾಪಸ್ಸು ಬಂದಿತ್ತು. ದೇವಸ್ಥಾನಕ್ಕೆ ಹೋಗುವಾಗ ನಾನು ಆ ಲಾಡ್ಜಿನ ಮುಂದೆ ಎಷ್ಟೋ ಸಲ ಇಳಿದಿದ್ದೇನೆ, ಕೌಂಟರಿನಲ್ಲಿ ಏನಿದೆ ಎಂದು ಗೊತ್ತು. ಈ ಸಲ ಅಕ್ಕ ಕೇಳಲಿಲ್ಲವಾದರೂ ನಾನೇ ಎದ್ದು ಅವರ ಮೇಜಿಗೆ ಹೋದೆ.

‘ಅಕ್ಕ, ಆ ಲಾಡ್ಜ್ ಕೌಂಟರಲ್ಲಿರೋದು ತುಂಬಾ ಹಳೇ ಫೋನು. ನಾನೇ ನೋಡಿದೀನಿ. ಪಟ್ಟಿಗೆ ಹಾಕ್ಕಳಿ’ ಎಂದೆ.

‘ಹೌದಾ ಸರ್’ ಎಂದು ನಕ್ಕರು. ಪ್ಯಾಡು ಪಕ್ಕದಲ್ಲೇ ಇತ್ತು, ಪೆನ್ನೂ ಇತ್ತು. ತೆಗೆದುಕೊಳ್ಳಲಿಲ್ಲ. ‘ಭಾನುವಾರ ಹೆಂಗೂ ಯಡಿಯೂರಿಗೆ ಹೋಗ್ತಾ ಇದೀನಿ. ನಾನೇ ನೋಡ್ಕಂಡ್ ಬರ್ತೀನಿ ಬುಡಿ.’

ಕಡಬದಿಂದ ಯಡಿಯೂರಿಗೆ ಎರಡು ಬಸ್ಸು ಬದಲಾಯಿಸಬೇಕು. ನನ್ನ ಒಂದು ಮಾತನ್ನು ನಂಬುವುದಕ್ಕಿಂತ ಅವರಿಗೆ ಅದು ಹಗುರ ಎನಿಸಿತ್ತು. ಹೋದರು, ನೋಡಿದರು, ಬಂದು ಪಟ್ಟಿ ಬರೆದರು.

ನನಗೆ ಈಗಲೂ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಅವರ ನಾಲ್ಕು ಸಾಲಿಗೆ ಹೊಟ್ಟೆಕಿಚ್ಚು, ಒಂದೇ ವರ್ಷದಲ್ಲಿ ಕಲಿತದ್ದಕ್ಕೆ ಹೊಟ್ಟೆಕಿಚ್ಚು, ಯಾರಿಗೂ ಹೇಳದೆ ಸುಮ್ಮನಿದ್ದಾರಲ್ಲ, ಅದಕ್ಕೂ ಹೊಟ್ಟೆಕಿಚ್ಚು. ನಾನಾಗಿದ್ದರೆ ಅವತ್ತೇ ಕೋಣೆಯಲ್ಲಿ ಎಲ್ಲರ ಮುಂದೆ ಕೂಗಾಡಿಬಿಡುತ್ತಿದ್ದೆ.

ಯಡಿಯೂರಿನಲ್ಲಿ ಪೂಜೆಯಾಯಿತು. ಕೌಂಟರಿನ ಮೇಲೆ, ಗಾಜು ಬಿರುಕು ಬಿಟ್ಟ ಹಳೆಯ ಫೋನಿಗೆ ವಿಭೂತಿ ಹಚ್ಚಿ ಹೂವಿಟ್ಟಿದ್ದರು. ನಾನು ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಕೆಂಪು ಪುಸ್ತಕ ಎರಡೂ ತಂದಿದ್ದೆ. ಲಾಡ್ಜಿನವರು ಒಂದು ಸಲ ಒತ್ತಿದರು, ಸೈಟು ನೆಟ್ಟಗೆ ಬಂದು ನಿಂತಿತು. ಎಲ್ಲರೂ ಪರದೆಯ ಕಡೆ ಬಗ್ಗಿ, ಕೋಣೆಗಳ ಫೋಟೋ ನೋಡುತ್ತಾ ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ನಾನು ಪಕ್ಕದ ಕುರ್ಚಿಯಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.